ರಾಣಿವಾಸದ ಕೌದಿ

“ಏ, ಕೈ ತಗೀಯೋ! ನಿಮ್ಮವ್ವನ ಕೌದಿ ಅಂತ ತಿಳದೀ ಏನು, ಹಂಗ ಎಳದಾಡಾಕತ್ತೀ?”

ಮಾಲತೇಶಪ್ಪ ಸರ್ ಒದರಿದ್ದು, ಅವರು ನೋಡಿಕೊಳ್ಳುವ ಮ್ಯೂಸಿಯಂ ಆಗಿದ್ದ ಕೋಟೆಕೊಪ್ಪದ ಅರಮನೆಯ ಇಡೀ ಮೇಲಂತಸ್ತಿಗೆ ಕೇಳಿಸಿತು. ಹಿರೇಕೆರೂರಿನಿಂದ ಬಸ್ಸು ಮಾಡಿಕೊಂಡು ಬಂದಿದ್ದ ಹೈಸ್ಕೂಲು ಹುಡುಗಿಯರು ನಲವತ್ತು ಮಂದಿ ಹಗ್ಗದ ಆಚೆ ನಿಂತಿದ್ದರು. ಹಿಂದಿನ ಸಾಲಿನಲ್ಲೊಬ್ಬಳು ಕಿಸಕ್ಕನೆ ನಕ್ಕಳು. ಅವಳ ಹಿಂದೆ ಎಲ್ಲರೂ ನಕ್ಕರು. ಕೊನೆಗೆ ಅವರ ಟೀಚರ್ ಕೂಡ ಸೆರಗನ್ನು ಬಾಯಿಗೆ ಹಚ್ಚಿಕೊಂಡರು.

ಲೋಹಿತ ರಾಣಿಯ ಮಂಚದ ಮೇಲೆ ಅರ್ಧ ಬಗ್ಗಿದ್ದ. ಜಾರಿದ್ದ ಕೌದಿಯ ತುದಿಯನ್ನು ಸರಿಮಾಡಲು ಕೈ ಹಾಕಿದ್ದ, ಅಷ್ಟೆ. ಆ ಕೋಣೆಯ ಕಾವಲಿಗೆ ಅವನನ್ನು ಹಾಕಿ ಒಂದೇ ದಿನವಾಗಿತ್ತು. ಅಲ್ಲಿಯವರೆಗೆ ಕೆಳಗೆ, ಡೊಳ್ಳು, ಹಲಗೆ, ದೊಡ್ಡಾಟದ ಕಿರೀಟಗಳನ್ನಿಟ್ಟಿದ್ದ ಪಡಸಾಲೆಯಲ್ಲಿ ನಿಲ್ಲುತ್ತಿದ್ದ.

“ನೋಡ್ರಿ ಟೀಚರ, ಎಂಟನೇತ್ತೆ ದಾಟದವ್ರನ್ನ ಕೆಲಸಕ್ಕ ಇಟ್ಕೊಂಡ್ರ ಹಿಂಗ ಆಗತೈತಿ,” ಸರ್ ದನಿ ಇಳಿಸದೆ ಮುಂದುವರಿಸಿದರು. “ನೂರಿಪ್ಪತ್ತು ವರ್ಷದ್ದು ಇದು. ರಾಣಿ ಸಾಹೇಬ್ರು ಸ್ವಂತ ಕೈಲೆ ಹೊಲದದ್ದು. ಇವ ತನ್ನ ಗುಡಿಸಲದಾಗಿನ ಹಾಸಿಗಿ ಝಾಡಿಸಿದಂಗ ಝಾಡಸಾಕತ್ತಾನ.”

ಲೋಹಿತನ ಕಿವಿ ಕಾದ ಹಂಚಾಯಿತು. ಹುಡುಗಿಯರ ಮುಖ ನೋಡಬಾರದೆಂದು ತಲೆ ತಗ್ಗಿಸಿದ. ತಲೆ ತಗ್ಗಿಸಿದವನ ಕಣ್ಣು ಬೇರೆಲ್ಲಿಗೆ ಹೋಗಬೇಕು? ಕೌದಿಯ ಮೇಲೆ ಬಿತ್ತು.

ಗೇಣುದ್ದದ ನೀಲಿ ತುಂಡು. ಅದರ ಅಂಚಿನಲ್ಲಿ ಬಿಳಿ ಬಣ್ಣದಲ್ಲಿ ಬರೆದ ಅಕ್ಷರವೊಂದರ ಅರ್ಧ ಉಳಿದಿತ್ತು. ಅದು ಅವರ ಕೇರಿಯ ಜಯಂತಿಯ ಬ್ಯಾನರು. ಗಾಳಿಗೆ ಹರಿದು ಬಿದ್ದಿದ್ದನ್ನು ಅವ್ವ ತಂದು ತೊಳೆದಿದ್ದಳು. ಅದರ ಪಕ್ಕ ಅಪ್ಪನ ಲುಂಗಿಯ ಕಂದು ಚೌಕಳಿ. ಅದರ ಕೆಳಗೆ ಖಾಕಿ, ಅವನದೇ ಶಾಲೆಯ ಚಡ್ಡಿ. ಕಿಸೆ ಬಿಚ್ಚಬ್ಯಾಡವಾ ಎಂದು ಅತ್ತದ್ದಕ್ಕೆ ಅವ್ವ ಅದನ್ನು ಕಿಸೆ ಸಮೇತ ಹೊಲಿದಿದ್ದಳು. ಹುಣಸೆಬೀಜ ಅಡಗಿಸಿಡಲು ಅವನಿಗೆ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಕೌದಿ ಹೊಲಿಯುವವರು ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ. ಇದರ ಹೊಲಿಗೆಯೂ ಸುತ್ತಿಕೊಂಡೇ ಬಂದಿತ್ತು, ಆದರೆ ತಿರುವುಮುರುವಾಗಿ. ಎಡಗೈಯವರ ಹೊಲಿಗೆ ಹಾಗೆ. ತಿಳವಳ್ಳಿಯ ಕೇರಿಯಲ್ಲಿ ಎಡಚಿ ಮಂಜವ್ವ ಅಂದರೆ ಒಬ್ಬಳೇ ಇದ್ದಳು, ಅವನ ಅವ್ವ.

ಹುಡುಗಿಯರು ಕೆಳಗಿಳಿದು ಹೋದರು. ಸರ್ ಅವರ ಮುಂದೆ ಮುಂದೆ, ಸಾಗುವಾನಿ ಕಂಬಗಳ ಗಿಳಿಗಳನ್ನೂ ಛಾವಣಿಯ ಕನ್ನಡಿ ಚೂರುಗಳನ್ನೂ ತೋರಿಸುತ್ತ ಹೋದರು. ಬಾಗಿಲ ಹಿಂದೆ ಕಸಬರಿಗೆ ಹಿಡಿದು ನಿಂತಿದ್ದ ಮಹಾದೇವಕ್ಕ ಒಳಗೆ ಬಂದಳು.

“ಬಿಡಪಾ ತಮ್ಮಾ. ಸರ್ ಬಾಯಿ ಹಂಗ. ಅವ್ರ ಹೊಟ್ಟ್ಯಾಗ ಏನೂ ಇರಂಗಿಲ್ಲ.”

“ಹೊಟ್ಟಿ ಯಾರು ಹರದು ನೋಡ್ಯಾರ ಯಕ್ಕಾ? ನಮಗ ಬಾಯಷ್ಟ ಕಾಣತೈತಿ.”

ಅವಳು ಹೋದ ಮೇಲೆ ಅವನು ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತ. ಕಿಟಕಿಯ ಬಣ್ಣದ ಗಾಜಿನಿಂದ ಕೆಂಪು ಹಸಿರು ಬೆಳಕು ಕೌದಿಯ ಮೇಲೆ ಬಿದ್ದಿತ್ತು. ಖಾಕಿ ತುಂಡನ್ನು ಸವರಿ ಕಿಸೆಯ ಬಾಯಿ ಹುಡುಕಿದ. ಸಿಕ್ಕಿತು. ಆಗ ಇಡೀ ಮುಷ್ಟಿ ಹೋಗುತ್ತಿದ್ದ ಕಿಸೆಯಲ್ಲಿ ಈಗ ಎರಡು ಬೆರಳು ಹೋದವು. ಒಳಗೆ ಬೆಚ್ಚಗಿತ್ತು. ಬಿಸಿಲಿಗೆ ಇರಬಹುದು. ಆದರೆ ಬಿಸಿಲು ಅಲ್ಲಿಗೆ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಅವನು ಬೆರಳು ಹೊರಗೆಳೆದುಕೊಂಡು ಅಂಗಿಗೆ ಒರೆಸಿಕೊಂಡ. ಯಾಕೆ ಒರೆಸಿಕೊಂಡೆ ಎಂದು ಮತ್ತೆ ತನ್ನ ಮೇಲೆಯೇ ಸಿಟ್ಟು ಬಂತು.

ಅವ್ವ ಸತ್ತು ಮೂರು ವರ್ಷವಾಗಿತ್ತು. ಆಗ ಲೋಹಿತ ಬೋರು ಕೊರೆಯುವ ಲಾರಿಯ ಜೊತೆ ಬಳ್ಳಾರಿ ಕಡೆ ಇದ್ದ. ಸುದ್ದಿ ಮುಟ್ಟಿ, ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಮುಚ್ಚಿ ಎರಡು ದಿನವಾಗಿತ್ತು. ಮಲಗಿದವರ ಪ್ರಾಣ ಹೋದ ಕೌದಿಯನ್ನು ಅವರಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೆಣದ ಹಿಂದೆ ಒಯ್ದು ಮಣ್ಣಿನ ಜಾಗದ ಬೇಲಿಗೆ ಹಾಕಿ, ತಿರುಗಿ ನೋಡದೆ ಬರುತ್ತಾರೆ. ಮಳೆಗೋ ಗೆದ್ದಲಿಗೋ ಅದು ಹೋಗುವುದರೊಳಗೆ ಹೋದವರೂ ಪೂರ್ತಿ ಹೋಗುತ್ತಾರೆ ಎಂದು ನಂಬಿಕೆ. ಅವ್ವನ ಮುಖವಂತೂ ಸಿಗಲಿಲ್ಲ, ಕೌದಿಯನ್ನಾದರೂ ಒಮ್ಮೆ ಮುಟ್ಟುತ್ತೇನೆ ಎಂದು ಅವನು ಅಪ್ಪನ ಜೊತೆ ಮೂರನೇ ದಿನದ ಹಾಲು ಬಿಡಲು ಹೋದ. ಬೇಲಿಯ ಮೇಲೆ ಕೌದಿ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ, ಕಳ್ಳಿಯ ಕವಲಿಗೆ, ಹೊಚ್ಚಹೊಸ ಸ್ಟೀಲಿನ ತಂಬಿಗೆಯೊಂದು ಜೋತುಬಿದ್ದು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

ಅಪ್ಪ ಚೌಡಪ್ಪ ಅಲ್ಲೇ ಕುಸಿದು ಕೂತಿದ್ದ. ಮಂಜವ್ವ ಕೊನೆಗೆ ಆಡಿದ ಮಾತು “ನೀರು” ಎಂದು. ಅವನು ಒಳಗಿನಿಂದ ನೀರು ತರುವಷ್ಟರಲ್ಲಿ ಆಕೆ ಇರಲಿಲ್ಲ. ಈಗ ಬರಿದಾದ ತಂಬಿಗೆ. ಇದಕ್ಕಿಂತ ಬಾಯಿಬಿಟ್ಟು ಹೇಳುವುದು ಏನಿದೆ?

“ಹೋಗಿಲ್ಲೋ ಲೋಹಿತಾ. ಬಾಯಾರಿ ಕುಂತಾಳ.”

ಅವತ್ತಿನಿಂದ ತಂಬಿಗೆ ಮನೆಯ ಗೋಡೆಯೊಳಗಿನ ಮಾಡಿನಲ್ಲಿ ಕೂತಿತು. ದಿನಾ ಮುಂಜಾನೆ ಅಪ್ಪ ನಿನ್ನೆಯ ನೀರು ಚೆಲ್ಲಿ ಹೊಸ ನೀರು ತುಂಬುತ್ತಾನೆ. ಯಾರೂ ಅದರಲ್ಲಿ ಕುಡಿಯುವುದಿಲ್ಲ. ತಂಗಿ ಮಧುಶ್ರೀ ತಿಳವಳ್ಳಿಯಲ್ಲೇ ಕೊಟ್ಟ ಮನೆಯಿಂದ ಬಂದಾಗಲೂ ಮಾಡಿನ ಕಡೆ ಬೆನ್ನು ಹಾಕಿ ಕೂರುವುದಿಲ್ಲ. ಬೇಸಿಗೆಯಲ್ಲಿ ನೀರು ಎರಡು ಬೆರಳು ಇಳಿದಿರುತ್ತದೆ. ಆಗ ಅಪ್ಪ ಅದನ್ನು ಮಗನಿಗೆ ತೋರಿಸುತ್ತಾನೆ. ಲೋಹಿತನಿಗೆ ಆ ತಂಬಿಗೆ ಕಂಡರೆ ಮೈ ಉರಿಯುತ್ತದೆ. ಆದರೂ ಅಪ್ಪನಿಗೆ ಜ್ವರ ಬಂದು ಮಲಗಿದ ನಾಲ್ಕು ದಿನ ಅದನ್ನು ತುಂಬಿದವನು ಅವನೇ.

ರಾಣಿವಾಸದಲ್ಲಿ ಆಮೇಲಿನ ದಿನಗಳು ಸಲೀಸಾಗಿ ಹೋಗಲಿಲ್ಲ. ಸಂಜೆ ಐದಕ್ಕೆ ಕಿಟಕಿ ಹಾಕುವಾಗ ಅವನು ಕೌದಿಯನ್ನು ಸುಕ್ಕಿಲ್ಲದಂತೆ ಎಳೆದು ಹೋಗುತ್ತಿದ್ದ. ಮುಂಜಾನೆ ಬೀಗ ತೆಗೆದರೆ ಎಡಮಗ್ಗುಲಲ್ಲಿ ತಗ್ಗು. ಅವ್ವ ಎಡಕ್ಕೆ ಹೊರಳಿ, ಮೊಣಕಾಲು ಮಡಚಿ ಮಲಗುತ್ತಿದ್ದಳು. ಹಳೇ ಅರಳೆಯ ಹಾಸಿಗೆ, ಕುಸಿಯುವುದು ಸಹಜ ಎಂದು ಅವನು ಹೇಳಿಕೊಂಡ. ಮಹಾದೇವಕ್ಕ ಹಾಗೆ ಸಮಾಧಾನ ಹೇಳಿಕೊಳ್ಳಲಿಲ್ಲ.

“ಯಾರೋ ಮಕ್ಕೊಂಡು ಎದ್ದಂಗೈತಿ ನೋಡು,” ಎಂದಳು ಹೊಸ್ತಿಲಲ್ಲೇ ನಿಂತು. “ರಾಣೀನೂ ಇರಬಹುದು. ಮಕ್ಕಳಿಲ್ಲದ ಸತ್ತಾಳಂತ ಪಾಪ.”

“ರಾಣಿ ಅಲ್ಲ,” ಅಂದ ಲೋಹಿತ.

“ಮತ್ತ್ಯಾರು?”

ಅವನು ಕಿಟಕಿ ತೆಗೆಯಲು ಹೋದ. ಗೋಡೆಯ ದೊಡ್ಡ ಕನ್ನಡಿಯ ಪಾದರಸ ಅಲ್ಲಲ್ಲಿ ಕಳಚಿ, ಕಪ್ಪು ಕಪ್ಪಾಗಿತ್ತು. ಅದರಲ್ಲಿ ಮಂಚ ಕಾಣುತ್ತಿತ್ತು, ಅವನು ಕಾಣುತ್ತಿದ್ದ, ಎರಡರ ನಡುವೆ ಒಂದು ಕಲೆ ಕೂತ ಹೆಂಗಸಿನಷ್ಟು ಎತ್ತರ ಇತ್ತು. ಮಧ್ಯಾಹ್ನ ಮಂದಿ ಇಲ್ಲದಾಗ ಅವನು ಅದರ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಬೆನ್ನು ಮಾಡಿದರೆ ಹಿಂದಿನಿಂದ ಅವ್ವನ ವಾಸನೆ, ಒಲೆಯ ಹೊಗೆ, ಹರಳೆಣ್ಣೆ. ಮಂಚದ ತಲೆಗಡೆ ನೇತುಹಾಕಿದ್ದ ಫಲಕದಲ್ಲಿ ಬರೆದಿತ್ತು: ‘ರಾಣಿವಾಸದ ಕೌದಿ. ಅಚ್ಚ ನೀಲಿ ಬಣ್ಣದ ಕೈಮಗ್ಗದ ತುಂಡುಗಳನ್ನು ಗಮನಿಸಿ. ಮುಟ್ಟಬಾರದು.’

ಅವನು ತನ್ನ ಮಾತನ್ನು ಮಸೆಯತೊಡಗಿದ. ನಾಲ್ಕು ಜನರ ಮುಂದೆ ಅಂದಿದ್ದಾರೆ, ನಾಲ್ಕು ಜನರ ಮುಂದೆಯೇ ಹೇಳಬೇಕು. ‘ಹೌದ್ರಿ, ನಮ್ಮವ್ವನ ಕೌದೀನ. ಕಿಸೇದಾಗ ಕೈ ಹಾಕಿ ನೋಡ್ರಿ, ನಂದು.’ ಅಷ್ಟು ಹೇಳಿ, ಕೌದಿ ಮಡಚಿ ಹೆಗಲ ಮೇಲೆ ಹಾಕಿಕೊಂಡು ನಡೆಯಬೇಕು. ಕೆಲಸ ಹೋಗುತ್ತದೆ, ಹೋಗಲಿ. ಬಚ್ಚಲಲ್ಲಿ, ಬಸ್ಸಿನಲ್ಲಿ, ಬೀಗ ತೆಗೆಯುವಾಗ ಆ ಮಾತನ್ನು ಅಂದು ಅಂದು, ಅದು ಹರಿತವಾದ ಕುಡುಗೋಲಿನ ಹಾಗೆ ನಾಲಿಗೆಯ ಮೇಲೆ ಮಲಗಿತ್ತು. ಆದರೆ ಬೇಲಿಯ ಮೇಲಿನದು ಇಲ್ಲಿಗೆ ಬಂದದ್ದು ಹೇಗೆ? ಅದು ಗೊತ್ತಿಲ್ಲದಿದ್ದರೆ ಮಾಲತೇಶಪ್ಪ ಸರ್ ಅವನನ್ನೇ ಸುಳ್ಳ ಮಾಡುತ್ತಾರೆ. ಅರಮನೆಯ ಕೌದಿಗಳನ್ನೆಲ್ಲ ತಂದುಕೊಟ್ಟವನು ಸವಣೂರಿನ ನದೀಮ ಎಂದು ಮಹಾದೇವಕ್ಕ ಹೇಳಿದಳು.

ಸೋಮವಾರ ಅರಮನೆಗೆ ರಜೆ. ಲೋಹಿತ ಸವಣೂರಿಗೆ ಹೋದ.

ನದೀಮ ಮನೆಯ ಕಟ್ಟೆಯ ಮೇಲೆ ಕೂತು, ಹಳೇ ಬಟ್ಟೆಗೆ ಬದಲಾಗಿ ಕೊಡುವ ಸ್ಟೀಲಿನ ತಟ್ಟೆ, ಡಬ್ಬಿಗಳನ್ನು ಗಾಡಿಯ ಬುಟ್ಟಿಗೆ ಒಪ್ಪವಾಗಿ ಜೋಡಿಸುತ್ತಿದ್ದ. ಐವತ್ತರ ಮನುಷ್ಯ, ಗಡ್ಡಕ್ಕೆ ಮದರಂಗಿ. ಲೋಹಿತ ನೀಲಿ ತುಂಡು, ಖಾಕಿ ಕಿಸೆ ಎಂದದ್ದೇ ಅವನ ಮುಖ ಅರಳಿತು.

“ಅರೇ ಭಾಯಿ, ಅದನ್ನ ಮರೆಯಾಕ ಆಗತೈತೇನು? ತಿಳವಳ್ಳಿ ಕೆರಿ ಕೆಳಗ, ಕಳ್ಳಿಬೇಲಿ ಮ್ಯಾಲ ಇತ್ತು. ಎಂಥಾ ಕೈ ಅದು! ಆ ಸರ್ ಬಂದು ಹಳೇ ಕೌದಿ ಕೇಳಿದಾಗ ಅದನ್ನ ಮೊದಲ ತಗದು ಕೊಟ್ಟೆ. ಇದು ಎಲ್ಲೀದು ಅಂತ ಅವ್ರು ಕೇಳಲಿಲ್ಲ, ನಾ ಹೇಳಲಿಲ್ಲ.”

“ಬೇಲಿ ಮ್ಯಾಲಿಂದು ಹಂಗ ತಗೊಂಡು ಬಂದ್ರೇನು?”

“ಹಂಗ್ಯಾಕ ತರಲಿ? ನಾ ಕಳ್ಳ ಅಲ್ಲಪಾ.” ನದೀಮ ನೊಂದುಕೊಂಡ. “ನಮ್ಮ ಧಂದೆ ನಿನಗ ಗೊತ್ತಿಲ್ಲ. ಅತ್ತಿ ಮುಂದ ಬಟ್ಟಿ ಹಾಕಿ ಪಾತ್ರೆ ತಗೊಳ್ಳಾಕ ಸೊಸೆಂದ್ರಿಗೆ ಆಗಂಗಿಲ್ಲ. ಊರ ಹೊರಗ ಬೇಲಿಗೆ ಹಾಕಿ ಹೋಗಿರ್ತಾರ. ನಾ ಬಂದು ಬಟ್ಟಿ ತಗೊಂಡು, ಅದಕ್ಕ ತಕ್ಕ ಪಾತ್ರೆ ಅಲ್ಲೇ ತೂಗುಹಾಕಿ ಹೋಗ್ತೇನಿ. ನಮ್ಮ ಅಪ್ಪನ ಕಾಲದಿಂದ ಹಿಂಗ. ಮಾರಿ ಮಾರಿ ನೋಡಂಗಿಲ್ಲ, ಆದ್ರ ಒಂದು ಚಮಚ ಹೆಚ್ಚುಕಡಿಮಿ ಆಗಿಲ್ಲ. ಆ ಕೌದಿಗೆ ತಟ್ಟಿ ಇಟ್ರ ಅಲ್ಲಾ ಮೆಚ್ಚಂಗಿಲ್ಲ ಅಂತ ದೊಡ್ಡ ತಂಬಿಗಿ ಇಟ್ಟು ಬಂದೆ.”

ಲೋಹಿತ ಕಟ್ಟೆಯ ಮೇಲೆ ಕೂತ. ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ನಿಧಾನಕ್ಕೆ ಎಲ್ಲವನ್ನೂ ಹೇಳಿದ, ಅದು ಯಾವ ಬೇಲಿ, ಅದು ಎಂಥಾ ಕೌದಿ, ಅಪ್ಪ ಮೂರು ವರ್ಷದಿಂದ ಏನು ಮಾಡುತ್ತಿದ್ದಾನೆ. ನದೀಮ ಎರಡೂ ಕೆನ್ನೆಗೆ ಬಡಿದುಕೊಂಡ.

“ತೋಬಾ, ತೋಬಾ. ಸತ್ತವ್ರ ಮ್ಯಾಲಿಂದು ಎಳಕೊಂಡು ಬಂದಂಗಾತಲ್ಲೋ. ಬಾ, ಈಗ ಹೋಗೂಣು. ಆ ಸರ್‌ಗೆ ನಾನ ಹೇಳ್ತೇನಿ, ತಪ್ಪು ನಂದು.”

“ಬ್ಯಾಡ್ರಿ. ನನ್ನ ಬಾಯಿಲೆ ಹೇಳಬೇಕು. ಹೇಳಿ ಮನೀಗೆ ಒಯ್ಯಬೇಕು.”

ನದೀಮ ಸ್ವಲ್ಪ ಹೊತ್ತು ಒಂದು ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದ. “ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ. ಸತ್ತವ್ರ ಕೌದಿ ಅಂದ್ರ, ಅದೂ ನಿಮ್ಮ ಕೇರೀದು ಅಂದ್ರ, ಅದನ್ನ ಮಡಚಿ ನಿನ್ನ ಕೈಯಾಗ ಇಡ್ತಾರಂತ ತಿಳದೀ? ಕೋಲಿಲೆ ಎತ್ತಿ ಹಿತ್ತಲದಾಗ ಸುಡ್ತಾರ. ಮಂಚಾನೂ ತೊಳೀತಾರ.”

ಲೋಹಿತ ಎದ್ದು ಬಸ್ಸಿನ ದಾರಿ ಹಿಡಿದ. ಬಸ್ಸಿನುದ್ದಕ್ಕೂ ಕೋಲಿನ ತುದಿಯಲ್ಲಿ ಜೋತಾಡುವ ನೀಲಿ ತುಂಡು ಕಣ್ಣ ಮುಂದೆ ಬಂತು. ಸುಡಲಿ ನೋಡೋಣ, ಸುಡುವ ಕೈ ಯಾವುದು ಅಂತ ನಾನೂ ನೋಡುತ್ತೇನೆ ಎಂದು ಹಲ್ಲು ಕಚ್ಚಿದ.

ಮರುದಿನ ಮುಂಜಾನೆ ಅಪ್ಪ ಎಂದಿನಂತೆ ಮಾಡಿನ ಮುಂದೆ ನಿಂತಿದ್ದ. ಲೋಹಿತ ಹಿಂದೆ ಬಂದು, “ಅಪ್ಪಾ, ಆ ತಂಬಿಗಿ ಐತಲ್ಲ…” ಎಂದ. ಚೌಡಪ್ಪ ನೀರು ಹೊಯ್ಯುತ್ತಿದ್ದ. ಒಂದು ಹನಿ ಹೊರಗೆ ಬೀಳದಂತೆ, ಮಗುವಿನ ಬಾಯಿಗೆ ಹೊಯ್ಯುವ ಹಾಗೆ. ಲೋಹಿತನ ಗಂಟಲಲ್ಲಿ ನದೀಮ ಎಂಬ ಹೆಸರು ಬಂದು, ಅಲ್ಲೇ ನಿಂತು, ಒಳಗೆ ಇಳಿದುಹೋಯಿತು.

“ಏನು ತಂಬಿಗಿ?”

“ಏನಿಲ್ಲ. ಅವ್ವನ ಕೌದಿ ಸಿಕ್ಕೈತಿ. ಅರಮನ್ಯಾಗ ಐತಿ.”

ಅಪ್ಪ ತಿರುಗಿದ. ಯಾರು ಕದ್ದರು, ಹೇಗೆ ಹೋಯಿತು ಎಂದು ಕೇಳುತ್ತಾನೆಂದು ಲೋಹಿತ ಕಾದ. ಅವನು ಕೇಳಿದ್ದು ಒಂದೇ.

“ಎಲ್ಲಿ ಮಕ್ಕೊಂಡಾಳ?”

“ರಾಣಿ ಮಂಚದ ಮ್ಯಾಲ ಹಾಸ್ಯಾರ. ಇವತ್ತ ಎಲ್ಲಾರ ಮುಂದ ಹೇಳಿ ತರ್ತೇನಿ.”

“ಬಿಟ್ಟ ಕೌದಿ ಮನೀಗೆ ತರಬಾರದಪಾ.”

“ಬಾರದ್ದನ್ನೆಲ್ಲಾ ಅವ್ರು ಮಾಡ್ಯಾರ. ನಾವು ಮಾಡಿದ್ರ ಏನಾಗತೈತಿ?”

ಅಪ್ಪ ಗೂಟದ ಮೇಲಿದ್ದ ಒಗೆದ ಅಂಗಿ ತೆಗೆದ. “ನಾನೂ ಬರ್ತೇನಿ,” ಅಂದ.

ಕೋಟೆಕೊಪ್ಪದ ನಿಲ್ದಾಣದಲ್ಲಿ ಇಳಿದಾಗ ಹತ್ತು ಗಂಟೆ. ಅರಮನೆಯ ಮುಂದೆ ಚೌಡಪ್ಪ ನಿಂತುಬಿಟ್ಟ. ಹೆಬ್ಬಾಗಿಲ ನೆತ್ತಿಯ ಗಾರೆಯ ನವಿಲುಗಳಿಗೆ ಹೊಸದಾಗಿ ಬಣ್ಣ ಹಚ್ಚಿದ್ದರು. ಅವನ ಅಜ್ಜ ಈ ಅರಮನೆಯ ಲಾಯಕ್ಕೆ ಬಿಟ್ಟಿ ಹುಲ್ಲು ಹೊರುತ್ತಿದ್ದವನು. ಹಿಂದಿನ ಗೋಡೆಯ ಕಿಂಡಿಯಲ್ಲಿ ಹೊರೆ ದೂಡಿ, ಅಲ್ಲಿಂದಲೇ ಮರಳುತ್ತಿದ್ದ. ಚೌಡಪ್ಪನ ಕಾಲುಗಳು ತಾವಾಗಿ ಗೋಡೆ ಬಳಸಿ ಹಿಂದಕ್ಕೆ ನಡೆದವು.

“ಎಲ್ಲಿ ಹೊಂಟಿ? ಈ ಬಾಗಲದಾಗ ಬಾ,” ಲೋಹಿತ ಅವನ ತೋಳು ಹಿಡಿದು ಎಳೆದ. ಬೇಕಾದ್ದಕ್ಕಿಂತ ಜೋರಾಗಿಯೇ ಎಳೆದ.

ಚಪ್ಪಲಿ ಹೊರಗೆ ಬಿಟ್ಟು, ಟಿಕೇಟು ತೆಗೆಸಿ, ಮೆಟ್ಟಿಲು ಹತ್ತಿಸಿದ. ರಾಣಿವಾಸದಲ್ಲಿ ಹಾವೇರಿಯಿಂದ ಬಂದ ಮೂರು ನಾಲ್ಕು ಕುಟುಂಬಗಳಿದ್ದವು. ಮಾಲತೇಶಪ್ಪ ಸರ್ ಆಗಲೇ ಮಾತಿನ ಲಯಕ್ಕೆ ಬಿದ್ದಿದ್ದರು. ಹನ್ನೆರಡು ವರ್ಷದ ಹಿಂದೆ ಈ ಅರಮನೆಯಲ್ಲಿ ಬಾವಲಿ ಹಿಕ್ಕೆ ತುಂಬಿದ್ದಾಗ, ನಿವೃತ್ತ ಚಿತ್ರಕಲೆ ಮೇಷ್ಟ್ರು ಇವರು ಒಬ್ಬರೇ ಬುಟ್ಟಿ ಹಿಡಿದು ಬಳಿದಿದ್ದರಂತೆ. ಮಂಚದ ಬಗ್ಗೆ ಹೇಳುವಾಗ ಅವರ ದನಿ ನಿಜವಾಗಿಯೂ ನಡುಗುತ್ತಿತ್ತು. ಅದು ಲೋಹಿತನಿಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಅವನು ಹಗ್ಗದ ಪಕ್ಕ ನಿಂತ. ಜನ ಇದ್ದಾರೆ, ಸರ್ ಇದ್ದಾರೆ, ಮಾತು ಸಿದ್ಧವಿದೆ. ಅಪ್ಪನ ಕಡೆ ನೋಡಿದ.

ಚೌಡಪ್ಪ ಕಂಬಗಳನ್ನು ನೋಡಲಿಲ್ಲ, ದೀಪದ ಗೊಂಚಲು ನೋಡಲಿಲ್ಲ. ಹಗ್ಗಕ್ಕೆ ಎರಡೂ ಕೈ ಕೊಟ್ಟು ಕೌದಿಯನ್ನೇ ನೋಡುತ್ತಿದ್ದ. ಎಡಮಗ್ಗುಲ ತಗ್ಗಿನ ಮೇಲೆ ಅವನ ಕಣ್ಣು ಬಂದು ನಿಂತಿತು. ನೆರಿಗೆ ಬಿದ್ದ ಹಣೆ ಮೆಲ್ಲಗೆ ಸಡಿಲವಾಯಿತು. ಮೂರು ವರ್ಷದಿಂದ ಆ ಮುಖದಲ್ಲಿ ಲೋಹಿತ ಅದನ್ನು ಕಂಡಿರಲಿಲ್ಲ.

“ಇಂಥಾ ಕೌದಿ ಈ ಸೀಮ್ಯಾಗ ಇನ್ನೊಂದಿಲ್ಲ,” ಎನ್ನುತ್ತಿದ್ದರು ಸರ್. “ರಾಣಿ ಸಾಹೇಬ್ರ ಕೈಗುಣ ಅದು.”

“ಹೌದ್ರಿ,” ಎಂದ ಚೌಡಪ್ಪ. “ಕೈ ಭಾಳ ಚಲೋ ಇತ್ತು ಆಕೀದು. ಎಡಗೈ.”

ಎಲ್ಲರೂ ತಿರುಗಿದರು. ಸರ್ ನಕ್ಕರು. “ಏನಂದಿ ಯಜಮಾನಾ? ರಾಣಿ ಎಡಚಿ ಇದ್ಲಾ? ನಮಗ ಇದು ಗೊತ್ತಿದ್ದಿಲ್ಲ ನೋಡ್ರಿ. ನೀ ಯಾವಾಗ ನೋಡಿದ್ದಿ ಆಕೀನ?”

“ಮೂವತ್ತು ವರ್ಷ ನೋಡೇನ್ರಿ.”

ನಗು ಕೋಣೆ ತುಂಬಿತು. ಒಬ್ಬ ದಪ್ಪ ಗಂಡಸು ಮೊಬೈಲು ಎತ್ತಿ ಹಿಡಿದ. “ಅಜ್ಜನ ವಯಸ್ಸು ಎಷ್ಟರಿ, ನೂರೈವತ್ತಾ?” ಎಂದು ಯಾರೋ ಅಂದರು. ಚೌಡಪ್ಪ ಸಿಟ್ಟಾಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡ.

“ಸಾವಕಾಶ ಮಾತಾಡ್ರಿ. ಈಗ ನಿದ್ದಿ ಹತ್ತೈತಿ ಆಕೀಗೆ. ಭಾಳ ದಿನದ ಮ್ಯಾಲ ಹತ್ತೈತಿ.”

ನಗು ಅರ್ಧದಲ್ಲೇ ಉಡುಗಿತು. ಒಂದು ಸಣ್ಣ ಹುಡುಗಿ ಮಂಚವನ್ನೇ ನೋಡುತ್ತ ತಾಯಿಯ ಸೀರೆಯ ಹಿಂದೆ ಸರಿದಳು. ಮಾಲತೇಶಪ್ಪ ಸರ್ ಒಮ್ಮೆ ಮುದುಕನನ್ನು, ಒಮ್ಮೆ ಕೌದಿಯ ತಗ್ಗನ್ನು ನೋಡಿದರು. ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. ಕೊನೆಗೆ ಹಗ್ಗದ ಪಕ್ಕ ನಿಂತವನ ಕಡೆ ತಿರುಗಿದರು.

“ಏ ಲೋಹಿತಾ, ಯಾರೋ ಇವ್ರು? ಏನ ಹೇಳಾಕತ್ತಾರ?”

ಕೋಣೆಯ ಎಲ್ಲರ ಕಣ್ಣು ಅವನ ಮೇಲೆ ಬಂತು. ಇಷ್ಟೇ ಜನ ಬೇಕಿತ್ತು ಅವನಿಗೆ, ಇಂಥದೇ ಗಳಿಗೆ ಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಬಾಯಿ ತೆರೆದರೆ ಸಾಕು. ಅಪ್ಪ ಅವನ ಕಡೆ ನೋಡುತ್ತಲೂ ಇರಲಿಲ್ಲ. ಹಗ್ಗದ ಮೇಲೆ ಗದ್ದ ಊರುವಷ್ಟು ಬಗ್ಗಿ, ಯಾರದೋ ಉಸಿರು ಕೇಳಿಸಿಕೊಳ್ಳುವವನ ಹಾಗೆ ಕಿವಿ ಕೊಟ್ಟಿದ್ದ.

“ನಿನ್ನ ಕೇಳಾಕತ್ತೇನಿ. ಬಾಯಿ ಇಲ್ಲೇನು?”

ಹೇಳಿದರೆ ಆ ಮಂಚದಿಂದ ಅವ್ವನನ್ನು ಎಬ್ಬಿಸಿದಂತೆ. ಲೋಹಿತ ಹೊಸ್ತಿಲು ದಾಟಿದ. ಹಿಂದೆ ಸರ್ ಮತ್ತೊಮ್ಮೆ ಹೆಸರು ಹಿಡಿದು ಕರೆದರು. ಅವನು ಪಡಸಾಲೆ ದಾಟಿ, ಮೆಟ್ಟಿಲಿಳಿದು, ಡೊಳ್ಳುಗಳ ನಡುವಿನಿಂದ ಹೆಬ್ಬಾಗಿಲಿಗೆ ಬಂದ. ಹೊರಗೆ ಕಲ್ಲುಹಾಸಿನ ಮೇಲೆ ಬಂದವರ ಚಪ್ಪಲಿಗಳೆಲ್ಲ ಬಿಸಿಲಿಗೆ ಬಿದ್ದಿದ್ದವು. ಅಪ್ಪನದೊಂದು ಯಾರದೋ ಕಾಲು ತಾಗಿ ಮಗುಚಿ ಬಿದ್ದಿತ್ತು. ಅವನು ಬಗ್ಗಿ ಅದನ್ನು ನೆಟ್ಟಗೆ ಮಾಡಿ, ಜೋಡಿಯನ್ನು ಗೋಡೆಯ ನೆರಳಿಗೆ ಸರಿಸಿಟ್ಟು, ರಸ್ತೆಯ ಕಡೆ ನಡೆದ.